ತುಂಡು ಹೊತ್ತಿನ ಕಲೆಗಳು: ಕ್ರೋಶಾ ಮತ್ತು ಮನೆಮಂದಿಯ ಫೋಟೊ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಗಂಡಸರ ಪಾಲು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 299 ಮತ್ತು 97 ಆಗಿದ್ದವು. ಮಕ್ಕಳ ಮತ್ತು ಹಿರಿಯರ ಆರೈಕೆಗೆ ಹೋಗುವ ಹೊತ್ತು ಇದರೊಳಗೆ ಸೇರಿಲ್ಲ. ಅದನ್ನು ಸಮೀಕ್ಷೆಯು ಪ್ರತ್ಯೇಕವಾಗಿ ಲೆಕ್ಕಹಾಕುತ್ತದೆ. ಈ ಸರಾಸರಿಗಳಲ್ಲಿ ಕಾಣದ ಸಂಗತಿಯೊಂದಿದೆ: ಗೃಹಿಣಿಗೆ ಉಳಿಯುವ ಬಿಡುವು ಒಂದೇ ಕಡೆ ಸಿಗುವುದಿಲ್ಲ, ಕುಕ್ಕರಿನ ಸೀಟಿಗೂ ಶಾಲೆಯ ವ್ಯಾನಿಗೂ ನಡುವೆ ಹತ್ತು ನಿಮಿಷ, ಮಧ್ಯಾಹ್ನದ ಊಟವಾದ ಮೇಲೆ ಕಾಲು ಗಂಟೆ, ಮಗು ಮಲಗಿದ ಬಳಿಕ ಇನ್ನಷ್ಟು, ಹೀಗೆ ಅದು ತುಂಡುತುಂಡಾಗಿಯೇ ಬರುತ್ತದೆ.

ಇಂಥ ತುಂಡು ಹೊತ್ತಿಗೆ ಒಗ್ಗುವ ಕಲೆಗಳು ಯಾವುವು, ಅವನ್ನು ಕಲಿಯುವುದು ಹೇಗೆ ಎಂಬ ಪ್ರಶ್ನೆಗೆ ಬೆಳಗಾವಿಯ ನೆಹರು ನಗರದಂಥ ಬಡಾವಣೆಯಲ್ಲಿ ನಿತ್ಯದ ಮಹತ್ವವಿದೆ. ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯೂ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವೂ ಇರುವ ಈ ಭಾಗದಲ್ಲಿ ಪಾಳಿಯ ನೌಕರಿ, ಮಕ್ಕಳ ಶಾಲೆ, ಊರಿಂದ ಚಿಕಿತ್ಸೆಗೆ ಬಂದ ನೆಂಟರ ಉಪಚಾರ ಎಲ್ಲವೂ ಒಟ್ಟೊಟ್ಟಿಗೆ ಸಾಗುತ್ತವೆ. ಇಲ್ಲಿಂದ ಸುಮಾರು 25 ಕಿಲೋಮೀಟರು ದೂರದ ಖಾನಾಪುರಕ್ಕೆ ರಸ್ತೆಯೂ ಲೋಂಡಾ ಕಡೆಗೆ ಹೋಗುವ ರೈಲೂ ಇವೆ. ಊರಿನ ಹಿರಿಯರಿಗೂ ನಗರದ ಮಕ್ಕಳಿಗೂ ನಡುವಿನ ಓಡಾಟ ನಿಲ್ಲುವುದೇ ಇಲ್ಲ. ಬಿಡುವಾದಾಗ ಕಲಿತರಾಯಿತು ಎಂದುಕೊಂಡವರಿಗೆ ಇಂಥ ಬದುಕಿನಲ್ಲಿ ಆ ಬಿಡುವು ಬರುವುದು ವಿರಳ.

ಅಮೆರಿಕದ ಮಾನವಶಾಸ್ತ್ರಜ್ಞೆ ಜುಡಿತ್ ಬ್ರೌನ್ 1970ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ ಈ ವಿಚಾರಕ್ಕೆ ಮುಖ್ಯವಾದ ಹೊಳಹಿದೆ. ಯಾವ ಕಸುಬುಗಳು ಲೋಕದ ಎಲ್ಲೆಡೆ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದಿವೆ ಎಂಬುದನ್ನು ಪರಿಶೀಲಿಸಿದ ಆಕೆ, ಮಕ್ಕಳನ್ನು ನೋಡಿಕೊಳ್ಳುತ್ತಲೇ ಮಾಡಬಹುದಾದ ಕೆಲಸಗಳಿಗೆ ಕೆಲವು ಸಮಾನ ಲಕ್ಷಣಗಳಿರುತ್ತವೆ ಎಂದು ಗುರುತಿಸಿದರು: ಅವು ಮನೆಯ ಹತ್ತಿರವೇ ನಡೆಯುತ್ತವೆ, ಮಗುವಿಗೆ ಅಪಾಯ ತರುವುದಿಲ್ಲ, ಪೂರ್ಣ ಏಕಾಗ್ರತೆ ಬೇಡುವುದಿಲ್ಲ ಮತ್ತು ನಡುವೆ ನಿಲ್ಲಿಸಿದರೂ ಸುಲಭವಾಗಿ ಮುಂದುವರಿಯುತ್ತವೆ. ನೂಲುವುದು, ಹೆಣೆಯುವುದು, ಹೊಲಿಯುವುದು ಈ ಗುಂಪಿನವು. ನಡುವೆ ನಿಲ್ಲಿಸಿ ಮುಂದುವರಿಸಬಹುದೆಂಬ ಕೊನೆಯ ಲಕ್ಷಣಕ್ಕೆ ಅತ್ಯಂತ ಹೊಂದುವ ಹೆಣಿಗೆ ಕ್ರೋಶಾ.

ಒಂದೇ ಕುಣಿಕೆಯ ಹೆಣಿಗೆ

ತುದಿಯಲ್ಲಿ ಚಿಕ್ಕ ಕೊಕ್ಕೆ ಇರುವ ಒಂದೇ ಸೂಜಿಯಿಂದ, ದಾರದ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಬಟ್ಟೆಯನ್ನು ಬೆಳೆಸುವ ವಿಧಾನವೇ ಕ್ರೋಶಾ. ಎರಡು ಕಡ್ಡಿಗಳಿಂದ ಸ್ವೆಟರ್ ಹೆಣೆಯುವಾಗ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕಡ್ಡಿ ಜಾರಿದರೆ ಅಷ್ಟೂ ಕುಣಿಕೆಗಳು ಬಿಚ್ಚಿಕೊಳ್ಳಬಹುದು. ಕ್ರೋಶಾದಲ್ಲಿ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಮಗು ಅತ್ತರೆ, ಬಾಗಿಲು ಬಡಿದರೆ, ಆ ಕುಣಿಕೆಯನ್ನು ತುಸು ಉದ್ದಕ್ಕೆ ಎಳೆದು ಅದರಲ್ಲೊಂದು ಸೇಫ್ಟಿ ಪಿನ್ ಸಿಕ್ಕಿಸಿ ಎದ್ದು ಹೋಗಬಹುದು. ಎರಡು ದಿನ ಬಿಟ್ಟು ಕೈಗೆತ್ತಿಕೊಂಡರೂ ಕೆಲಸ ಬಿಟ್ಟಲ್ಲೇ ಇರುತ್ತದೆ.

ಇಂದಿನ ರೂಪದ ಕ್ರೋಶಾ ಯೂರೋಪಿನಲ್ಲಿ ಜನಪ್ರಿಯವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ನಾಶವಾಗಿ ಭೀಕರ ಕ್ಷಾಮ ಬಂದಾಗ, ಕ್ರೈಸ್ತ ಸನ್ಯಾಸಿನಿಯರು ಬಡ ಹೆಂಗಸರಿಗೆ ಇದನ್ನು ಕಲಿಸಿ ಜೀವನೋಪಾಯವಾಗಿಸಿದರು. ಸರಿಸುಮಾರು ಅದೇ ಕಾಲದಲ್ಲಿ ಮಿಷನರಿಗಳ ಮೂಲಕ ಆಂಧ್ರದ ನರಸಾಪುರಕ್ಕೆ ಬಂದ ಕ್ರೋಶಾ ಲೇಸು ಅಲ್ಲಿನ ದೊಡ್ಡ ಗೃಹೋದ್ಯಮವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನವು ಅದರ ಇನ್ನೊಂದು ಮುಖವನ್ನು ತೋರಿಸಿತು: ರಫ್ತು ಮಾರುಕಟ್ಟೆಗಾಗಿ ದಿನವಿಡೀ ದುಡಿಯುವ ಹೆಂಗಸರನ್ನು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಕರೆದದ್ದರಿಂದ ಅವರ ಕೂಲಿ ಅತ್ಯಲ್ಪವಾಗಿಯೇ ಉಳಿದಿತ್ತು. ಕೈಯ ಕ್ರೋಶಾವನ್ನು ಯಥಾವತ್ತಾಗಿ ಹೆಣೆಯುವ ಯಂತ್ರ ಕಾರ್ಖಾನೆಗಳ ಬಳಕೆಗೆ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನಿಜವಾದ ಕ್ರೋಶಾ ವಸ್ತುವಿನ ಹಿಂದೆಯೂ ಯಾರದೋ ಕೈಯ ಅನೇಕ ಗಂಟೆಗಳ ದುಡಿಮೆ ಇರುತ್ತದೆ.

ಬೆಳಗಾವಿ ಸೀಮೆಗೆ ದಾರದ ಕೆಲಸ ಹೊಸದಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಹಾಕುವ ಕಸೂತಿಯು ಧಾರವಾಡ–ಬೆಳಗಾವಿ ಭಾಗದ ಹೆಮ್ಮೆ. ಹಳೆಯ ಸೀರೆ, ಧೋತರಗಳ ತುಂಡುಗಳಿಂದ ಕೌದಿ ಹೊಲಿಯುವ ರೂಢಿ ಮನೆಮನೆಯಲ್ಲಿತ್ತು. ಖಾನಾಪುರ ತಾಲೂಕಿನಲ್ಲೂ ಉತ್ತರ ಕನ್ನಡದಲ್ಲೂ ನೆಲೆಸಿರುವ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತಲೂ ಸಾಗಿ, ನಡುಭಾಗಕ್ಕೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ‘ಫೂಲ’ವನ್ನು ಕೂಡಿಸದಿದ್ದರೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ತಿಂಗಳಿಗೆ 2,000 ಗಜ ನೂಲನ್ನು ಸದಸ್ಯತ್ವದ ಶುಲ್ಕವನ್ನಾಗಿ ಒಪ್ಪಿಕೊಂಡಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ದಿನದ ಸ್ವಲ್ಪ ಹೊತ್ತಿನಲ್ಲಿ ಕೈಯಿಂದ ಆಗುವ ದಾರದ ಕೆಲಸಕ್ಕೆ ರಾಷ್ಟ್ರದ ರಾಜಕಾರಣದಲ್ಲೇ ಸ್ಥಾನ ಕೊಟ್ಟ ಊರಿದು.

ಕಲಿಕೆಯ ಕ್ರಮ

ಹೊಸಬರು ನುಣುಪಾದ, ತಿಳಿ ಬಣ್ಣದ, ಮಧ್ಯಮ ದಪ್ಪದ ಉಲ್ಲನ್ ದಾರವನ್ನೂ ಅದಕ್ಕೆ ಹೊಂದುವ ಸುಮಾರು 4 ಮಿಲಿಮೀಟರಿನ ಸೂಜಿಯನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ಕಪ್ಪು ದಾರದಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದಿಲ್ಲ, ತೆಳ್ಳನೆಯ ಹತ್ತಿಯ ದಾರವೂ ತೆಳು ಉಕ್ಕಿನ ಸೂಜಿಯೂ ಪಳಗಿದ ಕೈಗೆ ತಕ್ಕವು. ಮೊದಲ ಪಾಠ ಸರಪಳಿ, ಅಂದರೆ ಒಂದು ಕುಣಿಕೆಯೊಳಗಿಂದ ಮತ್ತೊಂದನ್ನು ಎಳೆದು ಮಾಡುವ ಸರಣಿ. ಎರಡನೆಯದು ಗಿಡ್ಡ ಕಂಬ: ಸೂಜಿಯನ್ನು ಕೆಳಗಿನ ಹೊಲಿಗೆಯಲ್ಲಿ ತೂರಿಸಿ ದಾರ ಎಳೆದಾಗ ಸೂಜಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ, ಮತ್ತೆ ದಾರ ಹಾಕಿ ಎರಡನ್ನೂ ಒಟ್ಟಿಗೆ ದಾಟಿಸಿದರೆ ಒಂದು ಗಿಡ್ಡ ಕಂಬವಾಯಿತು. ತೂರಿಸುವ ಮುನ್ನವೇ ಸೂಜಿಗೆ ಒಂದು ಸುತ್ತು ದಾರ ಹಾಕಿಕೊಂಡು ಎರಡು ಬಾರಿಗೆ ದಾಟಿಸಿದರೆ ಉದ್ದ ಕಂಬ. ಈ ಮೂರು ಕೈಗೆ ಬಂದವರಿಗೆ ಹೆಚ್ಚಿನ ಮಾದರಿಗಳು ತೆರೆದುಕೊಳ್ಳುತ್ತವೆ. ವಿಡಿಯೊ ನೋಡಿ ಕಲಿಯುವವರು ಒಂದು ಎಚ್ಚರ ವಹಿಸಬೇಕು: ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎನ್ನುವ ಗಿಡ್ಡ ಕಂಬವನ್ನೇ ಬ್ರಿಟನ್ನಿನವರು ‘ಡಬಲ್ ಕ್ರೋಶೆ’ ಎನ್ನುವುದರಿಂದ, ಮಾದರಿ ಯಾವ ಪದ್ಧತಿಯದೆಂದು ಮೊದಲೇ ತಿಳಿಯದಿದ್ದರೆ ಅಳತೆಯೆಲ್ಲ ತಪ್ಪುತ್ತದೆ.

ಹೆಣೆಯುತ್ತ ಹೋದಂತೆ ಅರಿವೆ ತ್ರಿಕೋನವಾಗುವುದು ಕಲಿಯುವವರೆಲ್ಲರ ದೂರು. ಸಾಲಿನ ಕೊನೆಯ ಹೊಲಿಗೆ ಅಂಚಿನಲ್ಲಿ ಅಡಗಿ ಕಣ್ತಪ್ಪುವುದೇ ಇದಕ್ಕೆ ಕಾರಣ. ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡು ಕಟ್ಟಿ, ಸಾಲು ಮುಗಿದಾಗಲೆಲ್ಲ ಎಣಿಸಿದರೆ ತೊಂದರೆ ಬಗೆಹರಿಯುತ್ತದೆ.

ಬಿಡುವಿಲ್ಲದವರಿಗೆ ದೊಡ್ಡ ಶಾಲಿಗಿಂತ ಚಿಕ್ಕ ವಸ್ತು ಲೇಸು. ಉತ್ತರ ಕರ್ನಾಟಕದಲ್ಲಿ ಹಸುಗೂಸಿಗೆ ಕುಂಚಿಗಿ, ಕುಲಾವಿ ಹೊಲಿದು ತೊಡಿಸುವ ರೂಢಿ ಹಳೆಯದು; ಅದರ ಜೊತೆಗೆ ಉಲ್ಲನ್ ಟೊಪ್ಪಿಗೆಯೂ ಈಗ ಬಾಣಂತಿಯ ಕೋಣೆ ಸೇರಿದೆ. ಈ ಟೊಪ್ಪಿಗೆಯ ಹಿಂದಿನ ಲೆಕ್ಕ ಸರಳವಾದರೂ ಸೊಗಸಾದದ್ದು. ನಡುವಿನಲ್ಲಿ 6 ಗಿಡ್ಡ ಕಂಬಗಳಿಂದ ಆರಂಭಿಸಿ ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 24, ಹೀಗೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಿದರೆ ಚಪ್ಪಟೆಯಾದ ವೃತ್ತ ಬೆಳೆಯುತ್ತದೆ. ನವಜಾತ ಶಿಶುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 35 ಸೆಂಟಿಮೀಟರಿನ ಆಸುಪಾಸು ಇರುವುದರಿಂದ, ವೃತ್ತದ ಅಡ್ಡಳತೆ ಅದರ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ, ಅಂದರೆ ಸುಮಾರು 11 ಸೆಂಟಿಮೀಟರು ಆದಾಗ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಅಲ್ಲಿಂದ ಮುಂದೆ ಸುತ್ತುಗಳು ತಾವಾಗಿಯೇ ಕೆಳಗಿಳಿದು ಟೊಪ್ಪಿಗೆಯಾಗುತ್ತವೆ. ಮಿತಿಮೀರಿ ಹೆಚ್ಚಿಸಿದರೆ ಅಂಚು ನಿರಿಗೆಗಟ್ಟುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಇದೇ ನಿರಿಗೆಯನ್ನು ಬಳಸಿ, ಕಾಗದದ ಮೇಲೆ ತೋರಿಸಲು ಕಷ್ಟವಾದ ಹೈಪರ್ಬೋಲಿಕ್ ಜ್ಯಾಮಿತಿಯ ಮೇಲ್ಮೈಯನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು. ಹೆಣಿಗೆ ಕಲಿಯುವವರು ಎಣಿಸುತ್ತಿರುವುದು ನಿಜವಾದ ಗಣಿತವನ್ನೇ.

ಕ್ಷಣದ ಚಿತ್ರ

ತುಂಡು ಹೊತ್ತಿಗೆ ಒಗ್ಗುವ ಇನ್ನೊಂದು ಕಲೆ ಸ್ನ್ಯಾಪ್‌ಶಾಟ್, ಅಂದರೆ ಸಿದ್ಧತೆಯಿಲ್ಲದೆ, ಭಂಗಿ ಕೊಡಿಸದೆ, ನಡೆಯುತ್ತಿರುವುದನ್ನು ನಡೆದಂತೆಯೇ ಹಿಡಿಯುವ ಫೋಟೊ. ಮನೆಮಂದಿಯ ಫೋಟೊಗೆ ಹಳೆಯ ಉದಾಹರಣೆಯೊಂದಿದೆ: ಕೋಲ್ಕತ್ತಾದಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ತುಂಬು ಸಂಸಾರದ ತಾಯಿ. 1863ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ, ಮಗಳು ಮತ್ತು ಅಳಿಯನಿಂದ ಉಡುಗೊರೆಯಾಗಿ ಬಂದ ಕ್ಯಾಮೆರಾದಿಂದ ಮನೆಮಂದಿಯನ್ನೂ ಮನೆಗೆಲಸದವರನ್ನೂ ನೆರೆಹೊರೆಯವರನ್ನೂ ಚಿತ್ರಿಸಿ ಛಾಯಾಗ್ರಹಣದ ಇತಿಹಾಸದಲ್ಲಿ ಸ್ಥಾನ ಪಡೆದರು. ಆದರೆ ಆ ಕಾಲದಲ್ಲಿ ಗಾಜಿನ ಫಲಕಕ್ಕೆ ಒದ್ದೆ ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಅದು ತುಂಡು ಹೊತ್ತಿನ ಕೆಲಸವಾಗಿರಲಿಲ್ಲ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೂರು ಚಿತ್ರಗಳ ಸುರುಳಿಯಿದ್ದ ಕೊಡ್ಯಾಕ್ ಕ್ಯಾಮೆರಾವನ್ನೂ, ಅವರ ಕಂಪನಿಯು 1900ರಲ್ಲಿ ಒಂದು ಡಾಲರಿನ ಬ್ರೌನಿಯನ್ನೂ ಮಾರುಕಟ್ಟೆಗೆ ತಂದ ಮೇಲೆ ಮನೆಯವರೇ ಮನೆಯ ಚಿತ್ರ ತೆಗೆಯುವುದು ಸಾಧ್ಯವಾಯಿತು. ಭಾರತದ ಅನೇಕ ಮನೆಗಳಿಗೆ ಆ ಅನುಕೂಲ ತಂದದ್ದು ಬರೋಡಾದಲ್ಲಿ ತಯಾರಾದ, ಒಂದು ರೀಲಿಗೆ 12 ಚಿತ್ರಗಳ ಅಗ್ಫಾ ಕ್ಲಿಕ್ 3. ಇಂದು ಅದೇ ಕೆಲಸವನ್ನು ಮೊಬೈಲು ಮಾಡುತ್ತದೆ.

ಚಿತ್ರ ಎಷ್ಟಾದರೂ ತೆಗೆಯಬಹುದೆಂಬ ಅನುಕೂಲ ಚಿತ್ರವನ್ನು ಉತ್ತಮಗೊಳಿಸುವುದಿಲ್ಲ. ಬೆಳಕನ್ನು ನೋಡುವ ಅಭ್ಯಾಸ ಬೇಕು. ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಮೋಡ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗಂತೂ ಸಹ್ಯಾದ್ರಿಯ ಮಳೆ ಎಡೆಬಿಡದೆ ಸುರಿಯುತ್ತದೆ. ಹೀಗೆ ಮೋಡದಿಂದ ಸೋಸಿ ಬರುವ ಮೆದು ಬೆಳಕು ಮುಖಗಳಿಗೆ ಬಹಳ ಒಳ್ಳೆಯದು. ಫ್ಲ್ಯಾಶ್ ಬಳಸದೆ, ಮಗುವನ್ನು ಬಾಗಿಲು ಅಥವಾ ಕಿಟಕಿಯ ಪಕ್ಕದಲ್ಲಿ ಆಡಲು ಬಿಟ್ಟು, ತೆಗೆಯುವವರು ನೆಲಕ್ಕೆ ಕುಳಿತು ಮಗುವಿನ ಕಣ್ಣಿನ ಎತ್ತರದಿಂದ ತೆಗೆದರೆ ಚಿತ್ರಕ್ಕೆ ಜೀವ ಬರುತ್ತದೆ. ಬೆಳಕು ಕಡಿಮೆಯಾದಷ್ಟೂ ಕ್ಯಾಮೆರಾದ ಷಟರ್, ಅಂದರೆ ಬೆಳಕನ್ನು ಒಳಬಿಡುವ ಕದ, ಹೆಚ್ಚು ಹೊತ್ತು ತೆರೆದಿರುವುದರಿಂದ ಓಡುವ ಮಗು ಮಸುಕಾಗುತ್ತದೆ. ಸೆಕೆಂಡಿನ 250ನೆಯ ಒಂದು ಭಾಗದಷ್ಟು ವೇಗವಿದ್ದರೆ ಸಾಮಾನ್ಯ ಆಟಪಾಟಗಳು ಸ್ಪಷ್ಟವಾಗಿ ಮೂಡುತ್ತವೆ.

ಎರಡೂ ಕೂಡುವಲ್ಲಿ

ಹೆಣಿಗೆಗೂ ಕ್ಯಾಮೆರಾಕ್ಕೂ ಪರಸ್ಪರ ಉಪಕಾರವಿದೆ. ಎದ್ದು ಹೋಗುವ ಮುನ್ನ ಅರೆಬರೆ ಹೆಣಿಗೆಯ ಫೋಟೊ ತೆಗೆದಿಟ್ಟರೆ, ಮತ್ತೆ ಕುಳಿತಾಗ ಎಷ್ಟನೆಯ ಸಾಲೆಂದು ಹುಡುಕಬೇಕಾಗುವುದಿಲ್ಲ. ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಬರಿಗಣ್ಣಿಗೆ ತಪ್ಪಿದ ಹೊಲಿಗೆ ಸಿಗುತ್ತದೆ. ಖಾನಾಪುರದ ಅಜ್ಜಿಗೆ ಅದನ್ನು ಕಳಿಸಿದರೆ ಎಲ್ಲಿ ಕಂಬ ಬಿಟ್ಟಿದೆ ಎಂದು ಆಕೆ ಅಲ್ಲಿಂದಲೇ ಹೇಳಬಹುದು. ಬೆಳಕು ಎದುರಿನಿಂದ ಬಿದ್ದರೆ ಹೆಣಿಗೆ ಚಪ್ಪಟೆಯಾಗಿಯೂ ಪಕ್ಕದಿಂದ ಬಿದ್ದರೆ ಪ್ರತಿ ಕುಣಿಕೆಯ ನೆರಳಿನೊಂದಿಗೆ ಉಬ್ಬಾಗಿಯೂ ಕಾಣುವುದೆಂಬ ಅರಿವು, ಮುಖಗಳ ಮೇಲಿನ ಬೆಳಕನ್ನು ನೋಡುವುದಕ್ಕೂ ಕಣ್ಣನ್ನು ಪಳಗಿಸುತ್ತದೆ.

ಆದರೆ ಈ ಎರಡೂ ಕಲೆಗಳಿಗೆ ಒಂದು ಸಮಾನ ಕೊರತೆಯೂ ಇದೆ. ಮನೆಯ ಆಲ್ಬಮ್ಮಿನಲ್ಲಿ ತೊಟ್ಟಿಲ ಕೂಸಿನ ಟೊಪ್ಪಿಗೆ ಕಾಣುತ್ತದೆ, ಅದನ್ನು ಹೆಣೆದವಳು ಕಾಣುವುದಿಲ್ಲ. ಹಬ್ಬದ ಪಂಕ್ತಿ ಕಾಣುತ್ತದೆ, ಕ್ಯಾಮೆರಾ ಹಿಡಿದವಳು ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬಳೇ. 1924ರ ಅಧಿವೇಶನದ ಚಿತ್ರಗಳನ್ನು ಬೆಳಗಾವಿಯು ಟಿಳಕವಾಡಿಯ ವೀರಸೌಧದಲ್ಲಿ ಆಸ್ಥೆಯಿಂದ ಕಾಪಾಡಿಕೊಂಡಿದೆ. ಮನೆಯೊಳಗಿನ ದುಡಿಮೆಗೆ ಅಂಥ ಸೌಧವಿಲ್ಲ. ಅದರ ದಾಖಲೆಯನ್ನು ಮನೆಯವರೇ ಇಡಬೇಕು.

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಕ್ರೋಶಾ ಹೆಣೆಯುವ, ಕೌದಿ ಹೊಲಿಯುವ, ಕಸೂತಿ ಹಾಕುವ ಕೈಗಳ ಚಿತ್ರವನ್ನು, ಕೆಲಸ ನಡೆಯುತ್ತಿರುವಾಗಲೇ, ಮನೆಯ ಗಂಡಸರೂ ಮಕ್ಕಳೂ ತೆಗೆಯಲಿ. ಮುಖ್ಯವಾದವನ್ನು ಮುದ್ರಿಸಿ, ಹಿಂಭಾಗದಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆದಿಡಲಿ. ಬಾಲ್‌ಪೆನ್ನಿನ ಒತ್ತು ಚಿತ್ರದ ಮುಂಭಾಗಕ್ಕೆ ಮೂಡುತ್ತದೆ. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯದಂತೆ ಆಲ್ಬಮ್ಮನ್ನು ಹೊರಗೋಡೆಯಿಂದ ದೂರವಿಟ್ಟು, ಮೊಬೈಲಿನ ಚಿತ್ರಗಳ ಪ್ರತಿಯನ್ನು ಇನ್ನೊಂದು ಕಡೆಯೂ ಇಡಲಿ. ಎಲ್ಲಕ್ಕಿಂತ ಮಿಗಿಲಾಗಿ, 289 ನಿಮಿಷಗಳ ಆ ಹೊರೆಯಲ್ಲಿ ಅರ್ಧ ಗಂಟೆಯನ್ನು ದಿನವೂ ಬೇರೆಯವರು ಹೊರಲಿ. ಕಲಿಯಬೇಕೆನ್ನುವ ಹೆಣ್ಣುಮಗಳಿಗೆ ಮನೆ ಕೊಡಬಹುದಾದ ನಿಜವಾದ ಪಾಠಶಾಲೆ ಆ ಅರ್ಧ ಗಂಟೆಯೇ.