ವಿಷವೇರಿದ ವೇಗವರ್ಧಕಕ್ಕೆ ಮರುಜೀವ

ಪುತ್ತಿಗೆಯಂತಹ ಊರುಗಳಲ್ಲಿ ಹಟ್ಟಿಯ ಪಕ್ಕದ ಗೋಬರ್ ಅನಿಲಕ್ಕಿರುವ ಕೊಳೆತ ಮೊಟ್ಟೆಯ ನಾತವನ್ನು ನಾವು ಬಲ್ಲೆವು. ಅದು ಗಂಧಕದ ಗುರುತು. ಇಂತಹ ಅನಿಲದಿಂದ ಎಂಜಿನ್ ನಡೆಸಿದಾಗ ಸ್ವಲ್ಪ ಮಿಥೇನ್ ಉರಿಯದೆಯೇ ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಮಡಿ ಹೆಚ್ಚಾಗಿ ಭೂಮಿಯನ್ನು ಕಾಯಿಸಬಲ್ಲುದು.

ಹೊಗೆಕೊಳವೆಯಲ್ಲಿ ಪಲ್ಲೇಡಿಯಂ ವೇಗವರ್ಧಕವನ್ನಿಟ್ಟರೆ ಮಿಥೇನ್ ಅಲ್ಲಿಯೇ ಉರಿಯುವುದು. ಆದರೆ ಉರಿದ ಗಂಧಕದ ಡೈಆಕ್ಸೈಡ್ ದಶಲಕ್ಷದಲ್ಲಿ ಒಂದೆರಡು ಪಾಲಿದ್ದರೂ ಕ್ರಮೇಣ ಸಲ್ಫೇಟಾಗಿ ಲೋಹದ ಮೈಯನ್ನು ಮುಚ್ಚಿಬಿಡುತ್ತದೆ.

ಹಾಗಾದರೆ ಅದನ್ನು ಎಸೆಯಬೇಕೆ? ಬೇಕಿಲ್ಲ. ಆಮ್ಲಜನಕವನ್ನು ತಡೆದು, ಸುಮಾರು 500 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸ್ವಲ್ಪ ಹೊತ್ತು ಜಲಜನಕವನ್ನು ಹಾಯಿಸಿದರೆ ಸಲ್ಫೇಟು ಒಡೆದು ಗಂಧಕ ತೊಲಗುತ್ತದೆ. ಕಳೆದ ಶಕ್ತಿ ಬಹುಮಟ್ಟಿಗೆ ಮರಳುತ್ತದೆ. ಶಾಖ ಮಿತಿಮೀರಿ ಲೋಹದ ಕಣಗಳು ಒಂದಕ್ಕೊಂದು ಬೆಸೆದುಕೊಂಡರೆ ಮಾತ್ರ ಈ ಮದ್ದು ನಾಟದು. ಆದುದರಿಂದ ಅನಿಲವನ್ನು ಮೊದಲೇ ಕಬ್ಬಿಣದ ಆಕ್ಸೈಡಿನ ಮೂಲಕ ಹಾಯಿಸಿ ಗಂಧಕವನ್ನು ತಡೆಯುವುದೇ ಮೇಲು.