ಚೀನಾದ ಕಂಬದಲ್ಲಿ ನಮ್ಮ ನರಸಿಂಹ!

ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿದ್ದಾನೆ. ಮತ್ತೊಂದೆಡೆ ಗಜೇಂದ್ರ ಮೋಕ್ಷ. ಇನ್ನೊಂದರಲ್ಲಿ ಒರಳಿಗೆ ಕಟ್ಟಿಸಿಕೊಂಡ ಬಾಲಕೃಷ್ಣ ಎರಡು ಮರಗಳ ನಡುವೆ ನುಗ್ಗುತ್ತಿದ್ದಾನೆ. ಈ ಕೆತ್ತನೆಗಳಿರುವ ಕಂಬಗಳು ಎಲ್ಲಿವೆ ಗೊತ್ತೇ? ಚೀನಾದ ಕ್ವಾನ್‌ಝೌ ನಗರದಲ್ಲಿ, ಕಾಯ್‌ಯುವಾನ್ ಎಂಬ ಬೌದ್ಧ ದೇವಾಲಯದ ಮುಖ್ಯ ಮಂದಿರದ ಹಿಂಬದಿಯಲ್ಲಿ!

ಅಲ್ಲಿಗೆ ಹೋಗಿದ್ದು ಹೇಗೆ? ಅದೇ ಊರಿನಲ್ಲಿ ಸಿಕ್ಕ ಒಂದು ತಮಿಳು ಶಾಸನ ಉತ್ತರ ಕೊಡುತ್ತದೆ. ಕಾಲ 1281. ಕುಬ್ಲಾಯ್ ಖಾನ್ ಆಳುತ್ತಿದ್ದ ಚೀನಾದಲ್ಲಿ ತಮಿಳರು ಶಿವನನ್ನು ಪ್ರತಿಷ್ಠಾಪಿಸಿದ್ದರು. ಶಾಸನದ ಕೊನೆಯ ಸಾಲು ಮಾತ್ರ ಚೀನೀ ಲಿಪಿಯಲ್ಲಿದೆ. ಗುಡಿ ಹಾಳಾದ ಮೇಲೆ ಕಲ್ಲುಗಳು ಊರೆಲ್ಲ ಚದುರಿದವು. ಕೆಲವು ಬುದ್ಧನ ಮಂದಿರಕ್ಕೇ ಆಸರೆಯಾದವು. ಹತ್ತಿರದ ಹಳ್ಳಿಯೊಂದರಲ್ಲಿ ನಾಲ್ಕು ಕೈಗಳ ದೇವಿಯೊಬ್ಬಳಿದ್ದಾಳೆ; ಅವಳನ್ನು ಜನ ಕರುಣೆಯ ಬೌದ್ಧ ದೇವತೆ ಗುವಾನ್‌ಯಿನ್ ಎಂದು ಪೂಜಿಸುತ್ತಾರೆ. ಕಾಲ ಕೆಳಗೆ ರಾಕ್ಷಸ!

ಅರಬರು ಜೈತೂನ್ ಎಂದು ಕರೆದ ಬಂದರು ಈ ಕ್ವಾನ್‌ಝೌ. ಸೋಂಗ್ ಅರಸರು 1087ರಲ್ಲೇ ಇಲ್ಲಿ ಕಡಲ ವ್ಯಾಪಾರದ ಕಚೇರಿ ತೆರೆದಿದ್ದರು. ಇಲ್ಲಿನ ಮಸೀದಿ ಅದಕ್ಕೂ ಹಳೆಯದು. ಪರ್ಷಿಯಾದಲ್ಲಿ ಹುಟ್ಟಿದ ಧರ್ಮದ ಪ್ರವಾದಿ ಮಾನಿಯ ಕಲ್ಲಿನ ವಿಗ್ರಹವೂ ಊರಾಚೆಯ ಗುಡ್ಡದಲ್ಲಿದೆ, 1339ರದು.

1974ರಲ್ಲಿ ಇಲ್ಲಿನ ಕೊಲ್ಲಿಯ ಕೆಸರಿನಿಂದ ಒಂದು ಹಡಗನ್ನೇ ಎತ್ತಿದರು! ಹದಿಮೂರನೆಯ ಶತಮಾನದ್ದು. ಒಡಲಲ್ಲಿ ಅಡ್ಡಗೋಡೆ ಹಾಕಿ ಮಾಡಿದ 13 ಕೋಣೆಗಳು. ಒಂದಕ್ಕೆ ನೀರು ನುಗ್ಗಿದರೂ ಉಳಿದವು ತೇಲಿಸಬಲ್ಲವು. ಒಳಗೆ ಎರಡು ಸಾವಿರ ಕಿಲೋಗೂ ಹೆಚ್ಚು ಸುಗಂಧದ ಮರ, ಕಾಳುಮೆಣಸು, ಕವಡೆ, ಆಮೆಯ ಚಿಪ್ಪು, ಸರಕಿಗೆ ಕಟ್ಟಿದ್ದ ಮರದ ಚೀಟಿಗಳು. ಶತಮಾನಗಳ ಕಾಲ ಕೆಸರಿನಲ್ಲಿ ಮುಳುಗಿದ್ದ ಮೆಣಸು ಇನ್ನೂ ಮೆಣಸೇ!

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದವನು ಝಾವೊ ರುಗುವಾ. ಈ ಬಂದರಿನ ವ್ಯಾಪಾರದ ಮೇಲ್ವಿಚಾರಕ. ಬಂದಿಳಿದ ವರ್ತಕರನ್ನು ಕೂರಿಸಿಕೊಂಡು ಕೇಳುತ್ತಿದ್ದ: ನಿಮ್ಮ ದೇಶ ಎಲ್ಲಿದೆ? ಅಲ್ಲಿ ಏನು ಬೆಳೆಯುತ್ತದೆ? ಜನ ಏನು ಉಡುತ್ತಾರೆ? ಹೀಗೆ ಕೇಳಿದ್ದನ್ನೂ ಹಳೆಯ ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ ಸುಮಾರು 1225ರಲ್ಲಿ ‘ಝೂ ಫಾನ್ ಝಿ’ ಎಂಬ ಪುಸ್ತಕ ಬರೆದ. ಅದರಲ್ಲಿ ಮಲಬಾರಿನ ಕಾಳುಮೆಣಸಿನ ಸೀಮೆಯಿದೆ. ಅಲ್ಲಿಂದ ಬಂದು ಕ್ವಾನ್‌ಝೌ ನಗರದ ದಕ್ಷಿಣದಲ್ಲಿ ನೆಲೆಸಿದ ತಂದೆ ಮಗನ ಮಾತಿದೆ. ಅಲೆಕ್ಸಾಂಡ್ರಿಯಾದ ದೀಪಸ್ತಂಭವಿದೆ. ಸಿಸಿಲಿ ದ್ವೀಪದಲ್ಲಿ ಬೆಂಕಿಯುಗುಳುವ ಬೆಟ್ಟವೂ ಇದೆ! ಪೂರ್ವ ಚೀನಾದ ಒಂದು ಕಚೇರಿಯಲ್ಲಿ ಕೂತ ಅಧಿಕಾರಿಗೆ ಯುರೋಪಿನ ಜ್ವಾಲಾಮುಖಿ ಗೊತ್ತಿತ್ತು, ಎಂಟುನೂರು ವರ್ಷಗಳ ಹಿಂದೆ!