ದ್ರಾಕ್ಷಿತೋಟದ ಆಳುಗಳು: ಒಂದು ವಾಕ್ಯಭಾಗದ ಅರ್ಥವಿಚಾರ

ಧರ್ಮಗ್ರಂಥದ ಒಂದು ಭಾಗವನ್ನು ಭಕ್ತಿಯಿಂದ ಪಠಿಸುವುದು ಬೇರೆ, ಅದರ ಅರ್ಥವನ್ನು ನಿಶ್ಚಯಿಸುವುದು ಬೇರೆ. ಶ್ರದ್ಧಾವಂತನಾದ ಕ್ರೈಸ್ತನಿಗೆ ಇವೆರಡೂ ಬೇಕಾದುವೇ. ಆದರೆ ಎರಡನೆಯದಕ್ಕೆ, ಆ ಮಾತನ್ನು ಯಾರು ಯಾರಿಗೆ ಹೇಳಿದರು, ಯಾವ ಪ್ರಶ್ನೆಗೆ ಉತ್ತರವಾಗಿ ಹೇಳಿದರು ಎಂಬ ವಿಚಾರಣೆಯೂ ಅವಶ್ಯಕ. ಇತಿಹಾಸದ ವಿದ್ಯಾರ್ಥಿಯು ಒಂದು ಶಾಸನವನ್ನು ಓದುವಾಗ ಅನುಸರಿಸುವ ಕ್ರಮವೂ ಇದೇ. ಮೂಡಿಗೆರೆ ಸೀಮೆಯ ಕಾಫಿತೋಟಗಳ ನಡುವೆ ಬಾಳುವ ಕ್ರೈಸ್ತ ವಾಚಕನಿಗೆ ಅತ್ಯಂತ ಪರಿಚಿತವೆಂದು ತೋರುವ ಒಂದು ವಾಕ್ಯಭಾಗವನ್ನು, ಅಂದರೆ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಮೊದಲ 16 ವಚನಗಳನ್ನು, ಈ ಕ್ರಮದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥೆ ಎಲ್ಲರಿಗೂ ತಿಳಿದುದೇ. ಒಬ್ಬ ಯಜಮಾನನು ತನ್ನ ದ್ರಾಕ್ಷಿತೋಟಕ್ಕೆ ಆಳುಗಳನ್ನು ಗೊತ್ತುಮಾಡಲು ಬೆಳಗಿನ ಜಾವದಲ್ಲಿ ಹೊರಡುತ್ತಾನೆ. ದಿನಕ್ಕೆ ಒಂದು ದೆನಾರಿಯೊನ್ ಎಂದು ಒಪ್ಪಂದವಾಗುತ್ತದೆ. ಅನಂತರ ಮೂರನೆಯ, ಆರನೆಯ, ಒಂಬತ್ತನೆಯ ತಾಸುಗಳಲ್ಲಿಯೂ, ಕಟ್ಟಕಡೆಗೆ ಹನ್ನೊಂದನೆಯ ತಾಸಿನಲ್ಲಿಯೂ ಪೇಟೆಗೆ ಹೋಗಿ ಇನ್ನಷ್ಟು ಜನರನ್ನು ಕಳುಹಿಸುತ್ತಾನೆ. ಸೂರ್ಯೋದಯದಿಂದ ಎಣಿಸುವ ಆ ಕಾಲದ ಪದ್ಧತಿಯಂತೆ ಹನ್ನೊಂದನೆಯ ತಾಸೆಂದರೆ ಸಾಯಂಕಾಲ ಸುಮಾರು 5 ಗಂಟೆ. ಸಂಜೆಯಾದ ಮೇಲೆ ಕಡೆಗೆ ಬಂದವರಿಂದ ಮೊದಲುಗೊಂಡು ಕೂಲಿ ಹಂಚಲಾಗುತ್ತದೆ. ಎಲ್ಲರಿಗೂ ಒಂದೊಂದು ದೆನಾರಿಯೊನ್. ಇಡೀ ದಿನ ಬಿಸಿಲಿನಲ್ಲಿ ದುಡಿದವರು ಗೊಣಗುತ್ತಾರೆ.

ಈ ಕಥೆಯನ್ನು ಕೇಳಿದ ತೋಟದ ಆಳಿಗೆ ಬಟವಾಡೆಯ ದಿನ ನೆನಪಾಗದೆ ಇರದು. ಹಾಜರಿ ಪುಸ್ತಕ, ಮೇಸ್ತ್ರಿ, ರೈಟರು, ಸಾಲಾಗಿ ನಿಂತ ಜನ, ಯಾರಿಗೆ ಎಷ್ಟು ಬಂತೆಂಬ ಪಿಸುಮಾತು, ಇವೆಲ್ಲ ಅವನ ಅನುಭವದಲ್ಲಿರುವ ಸಂಗತಿಗಳು. ತೋಟದ ಒಡೆಯನಿಗಾದರೋ ಅದೇ ಕಥೆಯ 15ನೆಯ ವಚನ ಹಿತವೆನಿಸೀತು. ತನ್ನ ಸ್ವತ್ತನ್ನು ತನ್ನ ಇಚ್ಛೆಯಂತೆ ವಿನಿಯೋಗಿಸುವ ಅಧಿಕಾರ ತನಗಿಲ್ಲವೇ ಎಂದು ಯಜಮಾನನು ಅಲ್ಲಿ ಕೇಳುತ್ತಾನೆ. ಒಡೆಯನೂ ಆಳೂ ಒಂದೇ ಇಗರ್ಜಿಯಲ್ಲಿ ಕುಳಿತು ಕೇಳುವ ಈ ಸೀಮೆಯಲ್ಲಿ, ಒಂದೇ ವಾಕ್ಯಭಾಗ ಒಬ್ಬನಿಗೆ ಸಮರ್ಥನೆಯಾಗಿಯೂ ಇನ್ನೊಬ್ಬನಿಗೆ ಅನ್ಯಾಯವಾಗಿಯೂ ಕಂಡರೆ, ಅದರ ಅರ್ಥವೇನೆಂಬ ಪ್ರಶ್ನೆ ಕೇವಲ ಪಂಡಿತರದಾಗಿ ಉಳಿಯುವುದಿಲ್ಲ.

ಕನ್ನಡದಲ್ಲಿ ಈ ಭಾಗವನ್ನು ಓದುವ ಸೌಕರ್ಯ ಒದಗಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಬಹುದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರವನ್ನು ಕೈಕೊಂಡನು. 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರೂ ಮುಂದೆ ಅದರ ಪರಿಷ್ಕರಣದಲ್ಲಿ ಭಾಗಿಗಳಾದರು. ಕಥೋಲಿಕರ ವಿಷಯ ಬೇರೆ. ಅವರ ಪೂಜಾವಿಧಿಯ ಭಾಷೆ ಲ್ಯಾಟಿನ್ ಆಗಿದ್ದಿತು. ಚಿಕ್ಕಮಗಳೂರು ಧರ್ಮಪ್ರಾಂತವು 1963ರ ನವೆಂಬರಿನಲ್ಲಿ ಸ್ಥಾಪನೆಯಾಯಿತು. ಅದರ ಮರುತಿಂಗಳಲ್ಲಿಯೇ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜೆಯಲ್ಲಿ ದೇಶಭಾಷೆಗಳಿಗೆ ಎಡೆಮಾಡಿಕೊಟ್ಟಿತು. 1965ರಲ್ಲಿ ಅದೇ ಸಭೆಯು ದೈವಪ್ರಕಟನೆಯನ್ನು ಕುರಿತ ತನ್ನ ಶಾಸನದಲ್ಲಿ, ಗ್ರಂಥಕರ್ತನ ಉದ್ದೇಶವನ್ನು ಅರಿಯಲು ಅವನ ಕಾಲವನ್ನೂ ಆ ಕಾಲದ ಸಾಹಿತ್ಯಪ್ರಕಾರಗಳನ್ನೂ ಗಮನಿಸತಕ್ಕದ್ದೆಂದು ವಿಧಿಸಿತು. ಹೀಗೆ ಕಥೋಲಿಕರು ಹೆಚ್ಚಾಗಿರುವ ಈ ಬೆಟ್ಟಸೀಮೆಯಲ್ಲಿ ಸ್ವಭಾಷೆಯ ಪಠನವೂ ಅರ್ಥವಿಚಾರದ ಕರೆಯೂ ಹೆಚ್ಚು ಕಡಿಮೆ ಒಟ್ಟಿಗೇ ಬಂದುವೆನ್ನಬೇಕು.

ಹಳೆಯ ಲ್ಯಾಟಿನ್ ಕ್ರಮದಲ್ಲಿ ಈ ದೃಷ್ಟಾಂತವನ್ನು ಈಸ್ಟರಿಗೆ ಸುಮಾರು ಒಂಬತ್ತು ವಾರ ಮುಂಚಿನ ಭಾನುವಾರದಲ್ಲಿ ಓದುತ್ತಿದ್ದರು. ಅದು ಜನವರಿಯ ನಡುವಿನಿಂದ ಫೆಬ್ರವರಿಯ ಮೂರನೆಯ ವಾರದೊಳಗೆ, ಅಂದರೆ ರೋಬಸ್ಟಾ ಕೊಯ್ಲಿನ ಕಾಲದಲ್ಲಿ ಬರುತ್ತಿತ್ತು. ತೋಟದ ಜನರಿಗೆ ಇದಕ್ಕಿಂತ ಸಮಯೋಚಿತವಾದ ವಾಚನ ಇರಲಾರದು. ಆದರೆ ಅದು ಅವರಿಗೆ ತಿಳಿಯದ ಭಾಷೆಯಲ್ಲಿತ್ತು. 1969ರಲ್ಲಿ ಪ್ರಕಟವಾದ ಮೂರು ವರ್ಷಗಳ ವಾಚನಕ್ರಮದಲ್ಲಿ ಇದು ಸಾಮಾನ್ಯ ಕಾಲದ 25ನೆಯ ಭಾನುವಾರಕ್ಕೆ, ಸೆಪ್ಟೆಂಬರ್ ತಿಂಗಳಿಗೆ, ಸರಿದಿದೆ.

ಇನ್ನು ವಾಕ್ಯಭಾಗಕ್ಕೆ ಬರೋಣ. ಮೊದಲು ಕೇಳಬೇಕಾದುದು, ಇದು ಎಲ್ಲಿ ಪ್ರಾರಂಭವಾಗುತ್ತದೆ ಎಂಬುದು. 20ನೆಯ ಅಧ್ಯಾಯದ 1ನೆಯ ವಚನದಲ್ಲಿ ಎಂದು ಉತ್ತರಿಸುವುದು ಸುಲಭ. ಆದರೆ ಅಧ್ಯಾಯಗಳ ವಿಭಾಗ ಸುವಾರ್ತೆಯನ್ನು ಬರೆದವನದಲ್ಲ. ಈಗ ರೂಢಿಯಲ್ಲಿರುವ ವಿಭಾಗವನ್ನು 13ನೆಯ ಶತಮಾನದ ಆದಿಯಲ್ಲಿ ಸ್ಟೀಫನ್ ಲ್ಯಾಂಗ್ಟನ್ ಮಾಡಿದನೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳಾದರೋ 1551ರಲ್ಲಿ ಮುದ್ರಕನಾದ ರಾಬರ್ಟ್ ಎಸ್ತಿಯೆನ್ ಹಾಕಿದುವು. ಗ್ರೀಕ್ ಮೂಲದಲ್ಲಿ ಈ ಕಥೆಯ ಆರಂಭದಲ್ಲಿಯೇ ‘ಗಾರ್’ ಎಂಬ ಅವ್ಯಯವಿದೆ. ಅದಕ್ಕೆ ‘ಏಕೆಂದರೆ’ ಎಂದರ್ಥ. ‘ಏಕೆಂದರೆ’ ಎಂದು ಯಾರೂ ಕಥೆಯನ್ನು ಪ್ರಾರಂಭಿಸುವುದಿಲ್ಲ. ಅದು ಹಿಂದಿನ ಮಾತಿಗೆ ಕೊಟ್ಟ ಕಾರಣ. ಹಿಂದಿನ ಮಾತೋ, ಮೊದಲಿನವರಲ್ಲಿ ಅನೇಕರು ಕಡೆಯವರಾಗುವರೆಂಬ ಯೇಸುವಿನ ಎಚ್ಚರಿಕೆ. ಅದಕ್ಕೂ ಹಿಂದೆ, 19ನೆಯ ಅಧ್ಯಾಯದ 27ನೆಯ ವಚನದಲ್ಲಿ, ಪೇತ್ರನ ಪ್ರಶ್ನೆಯಿದೆ: ಎಲ್ಲವನ್ನೂ ತೊರೆದು ಹಿಂಬಾಲಿಸಿದ ತಮಗೆ ಸಿಕ್ಕುವುದೇನು? ಅಂದಮೇಲೆ ಈ ದೃಷ್ಟಾಂತವು ಕೂಲಿಯ ದರವನ್ನು ಕುರಿತದ್ದಲ್ಲ. ಮೊದಲು ಬಂದ ಶಿಷ್ಯರು ತಮ್ಮ ಹಿರಿತನದ ಲೆಕ್ಕವನ್ನು ದೇವರ ಮುಂದಿಟ್ಟಾಗ ದೊರೆತ ಉತ್ತರವಿದು. ಬಿಸಿಲಿನಲ್ಲಿ ದುಡಿದು ಗೊಣಗಿದವನ ಮುಖ ಪೇತ್ರನ ಮುಖವೇ. ಮೇಲೆ ಹೇಳಿದ ವಾಚನಕ್ರಮಗಳೆರಡೂ 1ನೆಯ ವಚನದಿಂದಲೇ ತೊಡಗುವುದರಿಂದ ಕೇಳುವವನಿಗೆ ಈ ಪ್ರಶ್ನೆ ಕಿವಿಗೆ ಬೀಳುವುದೇ ಇಲ್ಲ. ಇದು ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಮಲೆನಾಡಿನ ವಾಚಕನಿಗೆ ತನ್ನ ಅನುಭವ ಎಲ್ಲಿ ನೆರವಾದೀತು? ನಗರದ ವ್ಯಾಖ್ಯಾನಕಾರನು ಲಕ್ಷಿಸದ ಒಂದು ವಿಚಿತ್ರವನ್ನು ಅವನು ಕೂಡಲೆ ಗುರುತಿಸಬಲ್ಲನು. ಈ ಯಜಮಾನನಿಗೆ ಮೇಲ್ವಿಚಾರಕನಿದ್ದಾನೆ. 8ನೆಯ ವಚನದಲ್ಲಿ ಕೂಲಿ ಹಂಚಲು ಅವನನ್ನೇ ಕರೆಯುತ್ತಾನೆ. ಹೀಗಿದ್ದರೂ ಆಳು ಹುಡುಕಲು ತಾನೇ ದಿನಕ್ಕೆ ಐದು ಬಾರಿ ಹೋಗುತ್ತಾನೆ. ಮೇಸ್ತ್ರಿಯನ್ನು ಮನೆಯಲ್ಲಿ ಕೂರಿಸಿ ತಾನು ಪೇಟೆ ಅಲೆಯುವ ಸಾಹುಕಾರನನ್ನು ಯಾವ ತೋಟದಲ್ಲಿ ಕಾಣುವೆವು? ದೃಷ್ಟಾಂತದ ಹೃದಯ ಇಲ್ಲಿಯೇ ಇದೆ. ದಿನವೆಲ್ಲ ಕಾದವರು ಹೇಳುವ ಕಾರಣವೂ, ತಮ್ಮನ್ನು ಯಾರೂ ಕರೆಯಲಿಲ್ಲವೆಂಬುದು, ಕೆಲಸವಿಲ್ಲದ ತಿಂಗಳುಗಳನ್ನು ಕಂಡವನಿಗೆ ಸೋಮಾರಿಯ ನೆಪವಾಗಿ ಕೇಳಿಸದು.

ಅದೇ ಅನುಭವ ದಾರಿ ತಪ್ಪಿಸುವುದೂ ಉಂಟು. ತೋಟವೆಂದೊಡನೆ ಹಣ್ಣು ಕೊಯ್ಲು ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಇದು ಕೊಯ್ಲಿನ ದಿನವೆಂದು ಮೂಲದಲ್ಲಿ ಎಲ್ಲಿಯೂ ಹೇಳಿಲ್ಲ. ಕಾಫಿ ಕೊಯ್ಲಿನಲ್ಲಿ ಕೊಯ್ದ ತೂಕಕ್ಕೆ ತಕ್ಕಂತೆ ಕೂಲಿ ಎಣಿಸುವ ರೂಢಿಯುಂಟು, ಇಲ್ಲಿಯದು ದಿನಗೂಲಿ. ದೆನಾರಿಯೊನ್ ಎಂಬುದು ಆ ದೇಶಕಾಲದಲ್ಲಿ ಆಳೊಬ್ಬನ ಸಾಮಾನ್ಯ ದಿನಗೂಲಿಯಷ್ಟೆ. ಇಂತಹ ಕಡೆ ಅನುವಾದಕರು ಓದುಗನ ಕೈಯಲ್ಲಿರುವ ನಾಣ್ಯದ ಹೆಸರನ್ನು ಇಡುವುದುಂಟು; ಆದರೆ ನಾಣ್ಯಗಳ ಬೆಲೆ ನಿಲ್ಲುವುದಿಲ್ಲ. ಪಾವಲಿ ಎಂದು ಓದಿದರೆ ಇಂದಿನ ತರುಣನಿಗೆ, 2011ರಲ್ಲಿ ಚಲಾವಣೆಯಿಂದ ಹೋದ 25 ಪೈಸೆಯ ಬಿಲ್ಲೆಯಾಗಿ, ಯಜಮಾನನು ಲೋಭಿಯಂತೆ ಕಂಡಾನು.

15ನೆಯ ವಚನದಲ್ಲಿ ಯಜಮಾನನು ಗೊಣಗಿದವನ ಕಣ್ಣು ಕೆಟ್ಟದ್ದೋ ಎಂದು ಕೇಳುತ್ತಾನೆ. ನಮ್ಮಲ್ಲಿ ಕೆಟ್ಟ ಕಣ್ಣೆಂದರೆ ದೃಷ್ಟಿ ತಾಗುವುದು. ಹೀಬ್ರೂ ನುಡಿಗಟ್ಟಿನಲ್ಲಿ ಅದಕ್ಕೆ ಜಿಪುಣತನ, ಅಸೂಯೆ ಎಂಬ ಅರ್ಥಗಳಿವೆ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದ 9ನೆಯ ವಚನ, ಜ್ಞಾನೋಕ್ತಿಗಳ 28ನೆಯ ಅಧ್ಯಾಯದ 22ನೆಯ ವಚನ ಇವನ್ನು ಹೋಲಿಸಿ ನೋಡಬಹುದು. ಕನ್ನಡದ ‘ಕಣ್ಣುರಿ’ ಮೂಲಕ್ಕೆ ಹತ್ತಿರವಾದುದು. ಅಂತೆಯೇ 13ನೆಯ ವಚನದಲ್ಲಿ ‘ಗೆಳೆಯನೇ’ ಎಂಬರ್ಥದ ‘ಹೆತಾಯ್ರೆ’ ಎಂಬ ಸಂಬೋಧನೆ. ಮತ್ತಾಯನು ಇದನ್ನು ಮೂರೇ ಕಡೆ ಬಳಸಿದ್ದಾನೆ: ಇಲ್ಲಿ, ಮದುವೆಯ ಉಡುಪಿಲ್ಲದೆ ಬಂದವನಿಗೆ, ಹಿಡಿದುಕೊಡಲು ಬಂದ ಯೂದನಿಗೆ. ಮೂರರಲ್ಲಿಯೂ ಎದುರಿಗಿರುವವನು ತಪ್ಪಿನಲ್ಲಿದ್ದಾನೆ. ನಮ್ಮ ಕಡೆಯ ‘ಮಾರಾಯ’ ಎಂಬ ಮಾತಿನಲ್ಲಿ ಸಲಿಗೆಯೂ ಗದರಿಕೆಯೂ ಕೂಡಿರುವುದನ್ನು ಬಲ್ಲವರಿಗೆ ಈ ಧ್ವನಿಯನ್ನು ವಿವರಿಸಬೇಕಾಗಿಲ್ಲ.

ಪ್ರಾಚೀನರು ಈ ಕಥೆಯನ್ನು ಬೇರೆ ಬಗೆಯಾಗಿಯೂ ಓದಿದರು. ಎರಡನೆಯ ಶತಮಾನದ ಇರೆನೇಯನು ಐದು ಕರೆಗಳಲ್ಲಿ ಯುಗಯುಗಗಳ ದೈವಾಹ್ವಾನವನ್ನು ಕಂಡನು. ಕ್ರಿಸೊಸ್ತೊಮನ ಹೆಸರಿನಲ್ಲಿರುವ ಈಸ್ಟರ್ ಪ್ರಬೋಧನೆ ಹನ್ನೊಂದನೆಯ ತಾಸಿನವರನ್ನೂ ಹಬ್ಬಕ್ಕೆ ಕರೆಯುತ್ತದೆ. ಪೂರ್ವದೇಶದ ಆರ್ಥೊಡಾಕ್ಸ್ ಇಗರ್ಜಿಗಳಲ್ಲಿ ಅದನ್ನು ಇಂದಿಗೂ ಓದುತ್ತಾರೆ. ಇವು ಭಕ್ತಿಗೆ ಪೋಷಕಗಳು. ಆದರೆ ಪೇತ್ರನ ಪ್ರಶ್ನೆಯನ್ನು ಬಿಟ್ಟು ತಾಸುಗಳನ್ನು ಮಾತ್ರ ಹಿಡಿದರೆ ಅರ್ಥ ಅಪೂರ್ಣವಾಗುತ್ತದೆ.

ಹಾಗಾದರೆ ಒಡೆಯನು ತನ್ನ ಸಮರ್ಥನೆಗೆ 15ನೆಯ ವಚನವನ್ನು ಉದಾಹರಿಸಬಹುದೆ? ಕಥೆಯ ಯಜಮಾನನು ತನ್ನ ಸ್ವಾತಂತ್ರ್ಯವನ್ನು ಉಪಯೋಗಿಸಿದುದು ಕಡಿಮೆ ಕೊಡುವುದಕ್ಕಲ್ಲ, ಹೆಚ್ಚು ಕೊಡುವುದಕ್ಕೆ. ಒಪ್ಪಿದ ಕೂಲಿಯಲ್ಲಿ ಯಾರಿಗೂ ಕಾಸು ಕಡಿಮೆ ಮಾಡಲಿಲ್ಲ. ಅಲ್ಲದೆ ಕೂಲಿಯ ನ್ಯಾಯವನ್ನೇ ಕುರಿತ ಮಾತುಗಳು ಬೈಬಲಿನಲ್ಲಿ ಬೇರೆಡೆ ಸ್ಪಷ್ಟವಾಗಿವೆ. ಬಡವನ ಕೂಲಿಯನ್ನು ಸೂರ್ಯಾಸ್ತದೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ; ಯಜಮಾನನು ಸಂಜೆಯೇ ಲೆಕ್ಕ ತೀರಿಸಿದುದು ಈ ವಿಧಿಗೆ ಅನುಗುಣವಾಗಿಯೇ ಇದೆ. ಪೈರು ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಎಚ್ಚರಿಸುತ್ತದೆ. ಬಟವಾಡೆಯ ಪ್ರಶ್ನೆಗೆ ತೆರೆಯಬೇಕಾದ ಪುಟಗಳು ಅವು.

ಕೊನೆಯದಾಗಿ, ವಾಕ್ಯಭಾಗವನ್ನು ಅದರ ಹಿಂದಿನಿಂದ ಓದಿದಂತೆ ಮುಂದಕ್ಕೂ ಓದಬೇಕು. ಗೊಣಗಿದವರು ತಮ್ಮ ನಾಣ್ಯವನ್ನು ತೆಗೆದುಕೊಂಡು ಹೋದರೋ ಇಲ್ಲವೋ ಎಂದು ಸುವಾರ್ತೆ ತಿಳಿಸುವುದಿಲ್ಲ. 17ನೆಯ ವಚನದಲ್ಲಿ ಯೇಸು ಯೆರೂಸಲೇಮಿನ ದಾರಿ ಹಿಡಿಯುತ್ತಾನೆ, ತನ್ನ ಮರಣವನ್ನು ಮುಂತಿಳಿಸುತ್ತಾನೆ. 20ನೆಯ ವಚನದಲ್ಲಿ ಜೆಬೆದಾಯನ ಮಕ್ಕಳ ತಾಯಿ ಬಂದು, ತನ್ನ ಇಬ್ಬರು ಮಕ್ಕಳಿಗೂ ಅವನ ಬಲಕ್ಕೊಂದು ಎಡಕ್ಕೊಂದು ಆಸನ ಬೇಕೆಂದು ಕೇಳುತ್ತಾಳೆ. ಉಳಿದ ಹತ್ತು ಮಂದಿ ಶಿಷ್ಯರು ಅದನ್ನು ಕೇಳಿ ಸಿಟ್ಟಾಗುತ್ತಾರೆ.